ಪುಟ್ಟಸ್ವಾಮಿ ಟೆಸ್ಟ್ ಅಂದರೇನು?

ಖಾಸಗಿತನದ ಬಗ್ಗೆ ದೇಶದ ಯಾವುದೇ ಕೋರ್ಟಿನಲ್ಲಿ ಕೇಸು ನಡೆದರೂ ವಕೀಲರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಪುಟ್ಟಸ್ವಾಮಿ ಟೆಸ್ಟ್’. ಫೋನ್ ಕದ್ದು ಕೇಳಿದ್ದಿರಲಿ, ಬೆರಳಚ್ಚು ಕಡ್ಡಾಯ ಮಾಡಿದ್ದಿರಲಿ, ರಸ್ತೆಯಲ್ಲಿ ಮುಖ ಗುರುತಿಸುವ ಕ್ಯಾಮೆರಾ ಇರಲಿ, ಸರ್ಕಾರ ತನ್ನ ಗೆರೆ ದಾಟಿತಾ ಅಂತ ನೋಡಲು ನ್ಯಾಯಾಧೀಶರು ಬಳಸುವ ಅಳತೆಗೋಲು ಇದು. ಹೆಸರು ನಮ್ಮ ಊರಿನವರದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರು.

ಸರ್ಕಾರ ಒಬ್ಬರ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಹೀಗೆ ಮಾಡಲು ಯಾವ ಕಾನೂನಿದೆ? ಯಾಕೆ ಮಾಡುತ್ತಿದ್ದೀರಿ, ಆ ಉದ್ದೇಶ ನ್ಯಾಯವಾದದ್ದೇ? ಆ ಉದ್ದೇಶಕ್ಕೆ ಇಷ್ಟೊಂದು ಬೇಕಾ, ಕಡಿಮೆಯಲ್ಲಿ ಆಗುವುದಿಲ್ಲವಾ? ಈ ಟೆಸ್ಟ್ ಕೊಟ್ಟ 2017ರ ಸುಪ್ರೀಂ ಕೋರ್ಟ್ ತೀರ್ಪು ಬರೆದವರಲ್ಲಿ ಒಬ್ಬರಾದ ನ್ಯಾ. ಸಂಜಯ್ ಕಿಶನ್ ಕೌಲ್ ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸಿದರು: ದುರುಪಯೋಗ ಆಗದಂತೆ ಏನು ಕಾವಲು ಇಟ್ಟಿದ್ದೀರಿ? ಈ ನಾಲ್ಕರಲ್ಲಿ ಯಾವುದಾದರೂ ಒಂದಕ್ಕೆ ಉತ್ತರ ಇಲ್ಲದಿದ್ದರೂ ಸರ್ಕಾರ ಸೋತಂತೆ. ಉತ್ತರ ಕೊಡುವ ಹೊಣೆ ಸರ್ಕಾರದ್ದು ಅನ್ನುವುದನ್ನು ಮಾತ್ರ ನೆನಪಿಡಿ. ಮುಂದಿನ ಜಗಳವೆಲ್ಲ ಅಲ್ಲೇ ಇದೆ.

ಇದು ಹುಟ್ಟಿದ ಕಥೆ ಆಧಾರ್‌ನದ್ದು. 2009ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಗುರುತಿನ ಪ್ರಾಧಿಕಾರವನ್ನು ಹುಟ್ಟುಹಾಕಿತು. 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಅನ್ನುವ ಹಳ್ಳಿಯಲ್ಲಿ ಮೊದಲ ನಂಬರ್ ಕೊಟ್ಟರು. ಹತ್ತೂ ಬೆರಳಿನ ಅಚ್ಚು, ಎರಡೂ ಕಣ್ಣಿನ ಪಾಪೆಯ ಚಿತ್ರ, ಮುಖದ ಫೋಟೋ ತೆಗೆದುಕೊಳ್ಳುತ್ತಿದ್ದರು. ಆದರೆ ಇದಕ್ಕೆ ಸಂಸತ್ತು ಮಾಡಿದ ಕಾನೂನೇ ಇರಲಿಲ್ಲ. ಒಂದು ಮಸೂದೆ ಬಂತು, 2011ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಅದನ್ನು ಒಪ್ಪಲಿಲ್ಲ. ನೋಂದಣಿ ಮಾತ್ರ ನಿಲ್ಲಲಿಲ್ಲ.

ಪುಟ್ಟಸ್ವಾಮಿಯವರು 1952ರಲ್ಲಿ ವಕೀಲಿಕೆ ಶುರು ಮಾಡಿದವರು. 1977ರಿಂದ 1986ರವರೆಗೆ ಹೈಕೋರ್ಟ್ ನ್ಯಾಯಮೂರ್ತಿ. 2012ರಲ್ಲಿ, 86ನೇ ವಯಸ್ಸಿನಲ್ಲಿ, ಬೆಂಗಳೂರಿನಿಂದ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಸಂಸತ್ತು ಒಪ್ಪದೆ, ಬರೀ ಸರ್ಕಾರಿ ಆದೇಶದ ಬಲದ ಮೇಲೆ ಜನರ ಮೈಯ ಗುರುತುಗಳನ್ನು ಹೇಗೆ ತೆಗೆದುಕೊಳ್ಳುತ್ತೀರಿ ಅನ್ನುವುದು ಅವರ ಮುಖ್ಯ ತಕರಾರಾಗಿತ್ತು. ಮುಂದೆ ಅವರ ಹೆಸರಿನಲ್ಲಿ ಬಂದ ಪರೀಕ್ಷೆಯ ಮೊದಲ ಪ್ರಶ್ನೆಯೂ ಇದೇ ತಾನೇ?

2015ರಲ್ಲಿ ಸರ್ಕಾರ ಒಂದು ದೊಡ್ಡ ಮಾತು ಹೇಳಿತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ, ಇಲ್ಲದ ಹಕ್ಕಿನ ಹೆಸರಲ್ಲಿ ಇವರು ಕೇಸು ಹಾಕಿದ್ದಾರೆ ಅಂತ. ಇದಕ್ಕೆ ಎರಡು ಹಳೆಯ ತೀರ್ಪುಗಳ ಆಸರೆ ಇತ್ತು. 1954ರ ಎಂ.ಪಿ. ಶರ್ಮಾ ಕೇಸು ಒಂದು, 1962ರ ಖರಕ್ ಸಿಂಗ್ ಕೇಸು ಇನ್ನೊಂದು. ಎರಡನೆಯದನ್ನು ಸ್ವಲ್ಪ ನಿಂತು ನೋಡಬೇಕು. ಉತ್ತರ ಪ್ರದೇಶದ ಖರಕ್ ಸಿಂಗ್ ಮೇಲೆ ದರೋಡೆ ಆರೋಪ ಇತ್ತು. ಸಾಕ್ಷಿ ಸಿಗದೆ ಬಿಟ್ಟುಬಿಟ್ಟರು. ಆದರೂ ಪೊಲೀಸರು ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು, ಮನೆಯಲ್ಲಿದ್ದಾರಾ ಅಂತ ನೋಡಿಕೊಂಡು ಹೋಗುವುದು. ಈ ರಾತ್ರಿ ಭೇಟಿಗಳನ್ನು ಕೋರ್ಟು ರದ್ದು ಮಾಡಿತು. ಆದರೆ ಅದೇ ತೀರ್ಪಿನಲ್ಲಿ, ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಅಂತ ಒಂದಿಲ್ಲ ಅಂತಲೂ ಹೇಳಿತು. ಆರು ಜನರಲ್ಲಿ ನ್ಯಾ. ಸುಬ್ಬರಾವ್ ಮತ್ತು ನ್ಯಾ. ಜೆ.ಸಿ. ಶಾ ಮಾತ್ರ ಇದಕ್ಕೆ ಒಪ್ಪಲಿಲ್ಲ. ಮನುಷ್ಯನ ಸ್ವಾತಂತ್ರ್ಯದಲ್ಲಿ ಖಾಸಗಿತನ ಸೇರಿಯೇ ಇದೆ ಅಂತ ಸುಬ್ಬರಾವ್ ಪ್ರತ್ಯೇಕವಾಗಿ ಬರೆದರು. ಅವರ ಮಾತು ಗೆಲ್ಲಲು 55 ವರ್ಷ ಬೇಕಾಯಿತು.

ಹಳೆಯ ತೀರ್ಪುಗಳಲ್ಲಿ ಒಂದು ಎಂಟು ನ್ಯಾಯಮೂರ್ತಿಗಳದ್ದಾಗಿದ್ದರಿಂದ ಅದನ್ನು ತಳ್ಳಿಹಾಕಲು ಇನ್ನೂ ದೊಡ್ಡ ಪೀಠ ಬೇಕಿತ್ತು. ಒಂಬತ್ತು ಜನ ಕೂತರು. ಮೂಡುಬಿದಿರೆ ಕಡೆಯವರಾದ ನ್ಯಾ. ಎಸ್. ಅಬ್ದುಲ್ ನಜೀರ್ ಕೂಡ ಅದರಲ್ಲಿದ್ದರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು, 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನೊಳಗೇ ಅದು ಇದೆ. ಪುಟ್ಟಸ್ವಾಮಿಯವರು ಇದನ್ನು ಕಣ್ಣಾರೆ ಕಂಡರು. 98 ವರ್ಷ ಬದುಕಿ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಯಾವ ಹಕ್ಕಿಗೂ ಒಂದು ಮಿತಿ ಇರುತ್ತದೆ. ಆ ಮಿತಿ ಎಲ್ಲಿ ಅಂತ ತೋರಿಸಲಿಕ್ಕೇ ಈ ಟೆಸ್ಟ್.

ಮೊದಲ ಪ್ರಶ್ನೆ, ಕಾನೂನು ಇದೆಯಾ ಅನ್ನುವುದು, ನೋಡಲು ಸಣ್ಣದು. ಆದರೆ ಬಹಳ ಕೆಲಸ ಮಾಡುತ್ತದೆ. 2017ರಲ್ಲಿ ಎಲ್ಲರ ಮೊಬೈಲಿಗೂ ಮೆಸೇಜ್ ಮೇಲೆ ಮೆಸೇಜ್ ಬರುತ್ತಿತ್ತು, ಸಿಮ್‌ಗೆ ಆಧಾರ್ ಜೋಡಿಸಿ ಅಂತ. ಅದರ ಹಿಂದೆ ಇದ್ದದ್ದು ದೂರಸಂಪರ್ಕ ಇಲಾಖೆಯ ಒಂದು ಸುತ್ತೋಲೆ ಅಷ್ಟೇ. ಸುತ್ತೋಲೆ ಕಾನೂನಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ತೆಗೆದುಹಾಕಿತು. 2019ರಲ್ಲಿ ಬಾಂಬೆ ಹೈಕೋರ್ಟ್ ಒಂದು ಲಂಚದ ಕೇಸಿನಲ್ಲಿ ಫೋನ್ ಕದ್ದಾಲಿಕೆಯ ಮೂರು ಆದೇಶಗಳನ್ನು ರದ್ದು ಮಾಡಿತು. ಟೆಲಿಗ್ರಾಫ್ ಕಾಯ್ದೆಯಲ್ಲಿ ಕದ್ದಾಲಿಕೆಗೆ ಅವಕಾಶ ಇತ್ತು ನಿಜ. ಆದರೆ ಸಾರ್ವಜನಿಕ ತುರ್ತು ಅಥವಾ ಜನರ ಸುರಕ್ಷತೆಯ ಪ್ರಶ್ನೆ ಇದ್ದಾಗ ಮಾತ್ರ. ಈ ಕೇಸಿನಲ್ಲಿ ಎರಡೂ ಇರಲಿಲ್ಲ. ಕದ್ದು ಕೇಳಿದ ರೆಕಾರ್ಡಿಂಗುಗಳ ಪ್ರತಿಗಳನ್ನು ನಾಶ ಮಾಡಿ ಅಂತ ಕೋರ್ಟು ಹೇಳಿತು.

ಎರಡನೆಯ ಪ್ರಶ್ನೆಯಲ್ಲಿ ಸರ್ಕಾರ ಸೋಲುವುದು ಅಪರೂಪ. ಕಳ್ಳರನ್ನು ಹಿಡಿಯಲು, ಸೋರಿಕೆ ತಡೆಯಲು, ದೇಶ ಕಾಯಲು ಅಂದರೆ ಯಾರು ಬೇಡ ಅನ್ನುತ್ತಾರೆ?

ನನ್ನ ಪ್ರಕಾರ ಈ ಟೆಸ್ಟಿನ ಜೀವ ಇರುವುದು ಮೂರನೆಯ ಪ್ರಶ್ನೆಯಲ್ಲಿ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡಬಾರದು ಅಂತ ನಾವು ಅನ್ನುತ್ತೇವಲ್ಲ, ಅದೇ ಇದು. ಈ ವಿಚಾರ ಜರ್ಮನಿಯ ಪೊಲೀಸ್ ಕಾನೂನಿನಲ್ಲಿ ಬೆಳೆದು ಬಂದದ್ದು. ಅಲ್ಲಿಯ ಆಡಳಿತ ಕಾನೂನಿನ ಬಗ್ಗೆ ಬರೆದ ಸ್ವಿಸ್ ಪಂಡಿತ ಫ್ರಿಟ್ಜ್ ಫ್ಲೈನರ್ ಕೂಡ ಗುಬ್ಬಿಗೆ ಫಿರಂಗಿ ಹಾರಿಸಬೇಡಿ ಅಂತಲೇ ಪೊಲೀಸರಿಗೆ ಹೇಳಿದ್ದು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅದೇ ಕೆಲಸ ಜನರಿಗೆ ಕಡಿಮೆ ತೊಂದರೆ ಕೊಟ್ಟು ಆಗುವಂತಿದ್ದರೆ ಆ ದಾರಿಯನ್ನೇ ಹಿಡಿಯಬೇಕು.

ಸುಪ್ರೀಂ ಕೋರ್ಟಿನ 2018ರ ಆಧಾರ್ ತೀರ್ಪಿನಲ್ಲಿ, ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಮಾಡಿದ್ದು ಬಿದ್ದುಹೋದದ್ದು ಇಲ್ಲೇ. ಅದಕ್ಕೆ ನಿಯಮ ಇತ್ತು, ಕಪ್ಪುಹಣ ತಡೆಯುವ ಉದ್ದೇಶವೂ ಇತ್ತು. ಆದರೆ ಯಾರೋ ಕೆಲವರನ್ನು ಹಿಡಿಯಲು ಖಾತೆ ಇರುವ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡುವುದು ಜಾಸ್ತಿ ಆಯಿತು ಅಂತ ಕೋರ್ಟಿಗೆ ಅನ್ನಿಸಿತು.

ಅದೇ ತೀರ್ಪು ರೇಷನ್ ವಿಷಯಕ್ಕೆ ಬಂದಾಗ ಬೇರೆ ದಾರಿ ಹಿಡಿಯಿತು. ನ್ಯಾಯಬೆಲೆ ಅಂಗಡಿಯ ಮುಂದೆ ತಿಂಗಳ ಕೊನೆಯಲ್ಲಿ ಒಂದು ಗಂಟೆ ನಿಂತು ನೋಡಿ. ಜಲ್ಲಿ ಹೊತ್ತು, ಕಲ್ಲು ಒಡೆದು ಬೆರಳಿನ ಗೆರೆ ಸವೆದವರು ಇರುತ್ತಾರೆ. ವಯಸ್ಸಾದವರ ಬೆರಳೂ ಹಾಗೇ. ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ, ಮಷೀನು ತಗೊಳ್ಳುವುದಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾರೆ. ಅಂಗಡಿಯವರು ಇನ್ನೊಂದು ಬೆರಳು ಇಡಿ ಅನ್ನುತ್ತಾರೆ. ಕೊನೆಗೆ ‘ಸರ್ವರ್ ಇಲ್ಲ ಅಜ್ಜಿ, ನಾಳೆ ಬನ್ನಿ’. ನಾಳೆ ಬಂದರೆ ಒಂದು ದಿನದ ಕೂಲಿ ಹೋಯಿತು. ಸರ್ಕಾರಿ ಸೇವೆಗಳಲ್ಲಿ ಆಧಾರ್ ದೃಢೀಕರಣ ಶೇ. 88ರಷ್ಟು ಸಲ ಸಫಲ ಆಗುತ್ತದೆ ಅಂತ ಪ್ರಾಧಿಕಾರವೇ ಕೋರ್ಟಿಗೆ ಹೇಳಿತ್ತು. ಉಳಿದ ಶೇ. 12 ಅಂದರೆ ಇಂಥ ಸಾಲಿನಲ್ಲಿ ನಿಂತವರು.

ಹಾಗಿದ್ದರೆ ರೇಷನ್ ಕೊಡಲು ಬೆರಳಚ್ಚು ಬಿಟ್ಟು ಕಡಿಮೆ ತೊಂದರೆಯ ದಾರಿ ಇರಲಿಲ್ಲವಾ? ಐದು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಬೇರೆ ದಾರಿ ಯಾವುದು ಅಂತ ಅರ್ಜಿದಾರರಿಗೂ ಹೇಳಲು ಆಗಲಿಲ್ಲ ಅಂದರು. ಯೋಜನೆ ಉಳಿಯಿತು. ಭಿನ್ನ ತೀರ್ಪು ಬರೆದ ನ್ಯಾ. ಡಿ.ವೈ. ಚಂದ್ರಚೂಡ್ ಕೇಳಿದ್ದೇ ಬೇರೆ. ಬೇರೆ ದಾರಿಯಿಂದ ಆಗುವುದಿಲ್ಲ ಅಂತ ಸಾಬೀತು ಮಾಡಬೇಕಾದದ್ದು ಸರ್ಕಾರ, ಅದು ಮಾಡಿಲ್ಲ ಅಂದರು. ನನಗೆ ಚಂದ್ರಚೂಡ್ ಅವರ ಮಾತೇ ಸರಿ ಅನ್ನಿಸುತ್ತದೆ. ಪರ್ಯಾಯ ಹುಡುಕುವ ಕೆಲಸವನ್ನು ನಾಗರಿಕರ ತಲೆಗೆ ಕಟ್ಟಿದರೆ ಮೂರನೆಯ ಪ್ರಶ್ನೆ ಕೇಳಿ ಏನು ಉಪಯೋಗ? ಇಲಾಖೆಯ ಕಡತ, ಲೆಕ್ಕ, ತಂತ್ರಜ್ಞರು ಎಲ್ಲ ಇರುವುದು ಸರ್ಕಾರದ ಹತ್ತಿರ. ಅರ್ಜಿದಾರರ ಹತ್ತಿರ ಏನಿದೆ?

ಇದೇ ಅಳತೆ ಖಾಸಗಿತನವನ್ನು ದಾಟಿ ಮಾತಾಡುವ ಹಕ್ಕಿಗೂ ಬಂತು. 2019ರ ಆಗಸ್ಟಿನಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಇಂಟರ್ನೆಟ್ ನಿಲ್ಲಿಸಿದರು. 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕೊನೆಯೇ ಇಲ್ಲದಂತೆ ಇಂಟರ್ನೆಟ್ ಬಂದ್ ಮಾಡುವ ಹಾಗಿಲ್ಲ, ಆದೇಶಗಳನ್ನು ಪ್ರಕಟಿಸಬೇಕು, ಎಷ್ಟು ಬೇಕೋ ಅಷ್ಟೇ ಇರಬೇಕು ಅಂದಿತು. ಆಮೇಲೆ ಒಂದು ಆದೇಶ 15 ದಿನ ಮೀರಬಾರದು ಅಂತ ನಿಯಮವೂ ಬಂತು. ಆದರೂ ಎಷ್ಟೋ ಬಂದ್ ಆದೇಶಗಳು ಇವತ್ತಿಗೂ ಜನರ ಕೈಗೆ ಸಿಗುವುದಿಲ್ಲ. ಆದೇಶವೇ ಸಿಗದಿದ್ದರೆ ಅದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡುವುದು ಹೇಗೆ?

ನಮ್ಮ ಹೈಕೋರ್ಟಿನ ಒಂದು ತೀರ್ಪನ್ನೂ ಇಲ್ಲಿ ಹೇಳಬೇಕು. 2021ರ ಮಾರ್ಚಿನಲ್ಲಿ ನ್ಯಾ. ಸೂರಜ್ ಗೋವಿಂದರಾಜ್ ಅವರ ಮುಂದೆ ಬಂದ ಪ್ರಶ್ನೆ ಇದು: ಆರೋಪಿಯ ಫೋನ್ ಪಾಸ್‌ವರ್ಡ್ ಅನ್ನು ಪೊಲೀಸರು ಕೇಳಬಹುದಾ? ಕೇಳಬಹುದು, ಕೊಡದಿದ್ದರೆ ಕೋರ್ಟಿನಿಂದ ಶೋಧನಾ ವಾರಂಟ್ ತರಬೇಕು ಅಂತ ತೀರ್ಪಾಯಿತು. ತನಿಖೆಗೆ ಫೋನ್ ನೋಡುವುದು ಪುಟ್ಟಸ್ವಾಮಿ ತೀರ್ಪು ಒಪ್ಪಿದ ವಿನಾಯಿತಿಯೊಳಗೇ ಬರುತ್ತದೆ, ಆದರೆ ಸಿಕ್ಕ ಖಾಸಗಿ ವಿಷಯವನ್ನು ಕೋರ್ಟಿನ ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡುವ ಹಾಗಿಲ್ಲ ಅಂತಲೂ ಹೇಳಿದರು. ವಾರಂಟ್ ಬೇಕು ಅಂದದ್ದು ದೊಡ್ಡ ವಿಷಯ. ನನಗೆ ಸಾಲದು ಅನ್ನಿಸುವುದು ಒಂದೇ. ಫೋನಿನಲ್ಲಿ ಮಕ್ಕಳ ಫೋಟೋ, ಡಾಕ್ಟರ ಚೀಟಿ, ಹೆಂಡತಿಯ ಜೊತೆ ಆಡಿದ ಜಗಳ ಎಲ್ಲ ಇರುತ್ತದೆ. ಕೇಸಿಗೆ ಸಂಬಂಧಪಟ್ಟಷ್ಟನ್ನೇ ನೋಡಿ, ಉಳಿದದ್ದನ್ನು ಮುಟ್ಟಬೇಡಿ ಅಂತ ಗೆರೆ ಎಳೆಯುವ ಕೆಲಸ ಇನ್ನೂ ಬಾಕಿ ಇದೆ.

ಈಗ ಕ್ಯಾಮೆರಾ ವಿಷಯ. ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಹಾಕಬೇಕು ಅಂತ ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಸೇಫ್ ಸಿಟಿ ಯೋಜನೆಯಡಿ ಸಾವಿರಾರು ಕ್ಯಾಮೆರಾ ಬಂದಿವೆ. ಬರೀ ಚಿತ್ರ ಹಿಡಿಯುವುದು ಒಂದು. ಚಿತ್ರದಲ್ಲಿರುವ ಪ್ರತಿ ಮುಖವನ್ನೂ ಅಳೆದು, ಪಟ್ಟಿಯಲ್ಲಿರುವ ಮುಖಗಳ ಜೊತೆ ಹೋಲಿಸಿ, ಇವರು ಇಂಥವರು ಅಂತ ಹೇಳುವುದು ಇನ್ನೊಂದು. ಎರಡನೆಯದಕ್ಕೆ ಅಂತಲೇ ಸಂಸತ್ತು ಮಾಡಿದ ಕಾನೂನು ಇಲ್ಲ. ಟೆಸ್ಟಿನ ಮೊದಲ ಮೆಟ್ಟಿಲಲ್ಲೇ ಪ್ರಶ್ನೆ ಎದ್ದಿತು. ಮೂರನೆಯದಕ್ಕೆ ಹೋದರೆ ಇನ್ನೂ ಕಷ್ಟ. ಒಬ್ಬ ಸರಗಳ್ಳನನ್ನು ಹುಡುಕಲು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಓಡುವ ಪ್ರತಿಯೊಬ್ಬರ ಮುಖವನ್ನೂ ಅಳೆಯಬೇಕಾ?

ಕಂಪನಿಗಳ ಕಥೆ ಬೇರೆ. ಈ ಟೆಸ್ಟ್ ಸರ್ಕಾರಕ್ಕೆ. ಆ್ಯಪ್, ಬ್ಯಾಂಕು, ಆಸ್ಪತ್ರೆಗಳು ನಮ್ಮ ಮಾಹಿತಿಯನ್ನು ಹೇಗೆ ನೋಡಿಕೊಳ್ಳಬೇಕು ಅನ್ನಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ದಂಡ ₹250 ಕೋಟಿವರೆಗೂ ಹೋಗಬಹುದು. ಆದರೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣ ಕೊಟ್ಟು ಕೇಂದ್ರ ತನಗೆ ಬೇಕಾದ ಸಂಸ್ಥೆಗಳನ್ನು ಈ ಕಾಯ್ದೆಯಿಂದ ಪೂರ್ತಿ ಹೊರಗಿಡಬಹುದು. ಅಂಥ ಸಂಸ್ಥೆಗಳಿಗೆ ಈ ಕಾಯ್ದೆ ತಗಲದಿದ್ದರೂ ಪುಟ್ಟಸ್ವಾಮಿ ಟೆಸ್ಟ್ ತಗಲುತ್ತದೆ. ಅದು ಬಂದಿರುವುದು ಸಂವಿಧಾನದಿಂದ. ಸಾಮಾನ್ಯ ಕಾಯ್ದೆಯೊಂದು ಅದನ್ನು ಅಳಿಸಲು ಆಗುವುದಿಲ್ಲ.

ಇದಕ್ಕೆಲ್ಲ ಸುಪ್ರೀಂ ಕೋರ್ಟಿಗೇ ಹೋಗಬೇಕು ಅಂತೇನಿಲ್ಲ. ನಿಮ್ಮ ಬಡಾವಣೆಯಲ್ಲಿ ಹೊಸ ಕ್ಯಾಮೆರಾ ಬಂತು, ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚು ಕೇಳಿದರು ಅಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಯಾವ ಕಾಯ್ದೆಯ ಯಾವ ಸೆಕ್ಷನ್ ಅಡಿ ಇದನ್ನು ಮಾಡಿದ್ದೀರಿ? ಸಂಗ್ರಹಿಸಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಇನ್ಯಾರಿಗೆ ಕೊಡುತ್ತೀರಿ? ತಪ್ಪಾದರೆ ಯಾರಿಗೆ ದೂರು ಕೊಡಬೇಕು? ಯಾಕೆ ಕೇಳುತ್ತಿದ್ದೀರಿ ಅಂತ ನಿಮ್ಮಿಂದ ಕಾರಣ ಕೇಳುವ ಹಾಗಿಲ್ಲ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಈ ನಾಲ್ಕು ಪ್ರಶ್ನೆಗಳಿಗೆ ಅಷ್ಟು ಜಾಗ ಸಾಕು.