ಹಡಗಿನಲ್ಲಿ ವಾಂತಿ-ಭೇದಿ: ಎರಡು ಪೆಗ್ ರಮ್ ತಡೆಯುತ್ತಾ?

ಪ್ರಶ್ನೆ: ಕಾಫಿ ಕೊಯ್ಲು ಮುಗಿದು ಹೂವಿಗೆ ನೀರು ಕೊಟ್ಟಾದ ಮೇಲೆ, ಏಪ್ರಿಲ್‌ನಲ್ಲಿ ಮಕ್ಕಳ ರಜೆಗೆ ಎರಡು ಮನೆಯವರು ಸೇರಿ ಸಿಂಗಾಪುರದಿಂದ ಕ್ರೂಸ್ ಹೊರಟಿದ್ದೇವೆ. ಮಾವನವರೂ ಬರುತ್ತಿದ್ದಾರೆ, ಎಪ್ಪತ್ತು ದಾಟಿದೆ. ಹಡಗಿನಲ್ಲಿ ಒಬ್ಬರಿಗೆ ವಾಂತಿ-ಭೇದಿ ಶುರುವಾದರೆ ಎಲ್ಲರಿಗೂ ಹರಡುತ್ತೆ ಅಂತಾರೆ. ಸ್ಯಾನಿಟೈಸರ್ ತೆಗೆದಿಟ್ಟಿದ್ದೇವೆ. ಊಟಕ್ಕೆ ಮುಂಚೆ ಎರಡು ಪೆಗ್ ರಮ್ ಹಾಕಿಕೊಂಡರೆ ಹೊಟ್ಟೆಗೆ ಏನೂ ಆಗಲ್ಲ ಅಂತ ಮಾವ ಹೇಳ್ತಾರೆ, ಅವರು ಮಿಲಿಟರಿಯಲ್ಲಿದ್ದವರು. ಇಷ್ಟು ಸಾಕಲ್ವಾ? (ಸಿದ್ದಾಪುರದ ಓದುಗರು)

ಸಾಲಲ್ಲ.

ಇಷ್ಟೇ ಬರೆದು ನಿಲ್ಲಿಸುವ ಆಸೆ ನನಗಿದೆ. ಯಾಕೆಂದರೆ ಈ ಪ್ರಶ್ನೆ ಪ್ರತಿ ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ಬರುತ್ತೆ. ಕೇಳುವವರ ಊರು ಬೇರೆ ಇರುತ್ತೆ, ರಮ್ ಇದ್ದ ಕಡೆ ಬ್ರಾಂದಿ ಇರುತ್ತೆ, ಅಷ್ಟೇ ವ್ಯತ್ಯಾಸ. ಗೋಣಿಕೊಪ್ಪದ ನನ್ನ ಔಷಧಿ ಅಂಗಡಿಗೆ ಬರುವವರೂ ಇದನ್ನೇ ಹೇಳುತ್ತಾರೆ. ಕೇಳುವುದಿಲ್ಲ, ಹೇಳುತ್ತಾರೆ! ದೊಡ್ಡ ಸ್ಯಾನಿಟೈಸರ್ ಬಾಟಲಿ ಎರಡು ತೆಗೆದು ಕೌಂಟರಿನ ಮೇಲಿಟ್ಟು, "ಒಳಗಿನದಕ್ಕೆ ಮಿಲಿಟರಿ ಕ್ಯಾಂಟೀನಿನ ಬಾಟಲಿ ಇದೆ ಬಿಡಿ" ಅಂತ ಕಣ್ಣು ಮಿಟುಕಿಸುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ರೋಗ ಯಾವುದು ಅಂತ ನೋಡಿ. ಹಡಗಿನಲ್ಲಿ ಹೀಗೆ ಗುಂಪುಗುಂಪಾಗಿ ಬರುವ ವಾಂತಿ-ಭೇದಿಗೆ ಹೆಚ್ಚಿನ ಸಲ ಕಾರಣ ನೋರೋವೈರಸ್. 1968ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಒಂದು ಶಾಲೆಯಲ್ಲಿ ಮಕ್ಕಳು, ಮೇಷ್ಟ್ರುಗಳು ಒಟ್ಟಿಗೆ ಕಾಯಿಲೆ ಬಿದ್ದರು. ಅಲ್ಲಿಂದ ತೆಗೆದಿಟ್ಟ ಮಾದರಿಯನ್ನು 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವೈರಸ್ ಕಣ್ಣಿಗೆ ಬಿತ್ತು. ಗಮನಿಸಿ, ಅದು ಶಾಲೆ, ಹಡಗಲ್ಲ. ಇದು ಮುಂದೆ ಬೇಕಾಗುತ್ತೆ. ವೈರಸ್ ಒಳಗೆ ಹೋದ 12ರಿಂದ 48 ಗಂಟೆಯೊಳಗೆ ವಾಂತಿ ಶುರು. ಒಂದರಿಂದ ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತೆ. ರೋಗ ಬರಿಸಲು ನೂರಕ್ಕಿಂತ ಕಡಿಮೆ ವೈರಸ್ ಕಣಗಳು ಸಾಕು. ರೋಗಿಯ ಒಂದು ವಾಂತಿಯಲ್ಲಿ ಹೋಗುವುದು ಕೋಟಿಗಟ್ಟಲೆ.

ಈಗ ಮಾವನವರ ರಮ್ಮಿಗೆ ಬರೋಣ.

ನಮ್ಮಲ್ಲಿ ಸಿಗುವ ರಮ್ಮಿನಲ್ಲಿ ಆಲ್ಕೋಹಾಲ್ ಶೇ. 42.8. ಬಾಟಲಿ ತಿರುಗಿಸಿ ನೋಡಿ, ಬರೆದಿರುತ್ತೆ. 60 ಎಂಎಲ್‌ನ ಒಂದು ಪೆಗ್ಗಿನಲ್ಲಿ 25 ಎಂಎಲ್ ಚಿಲ್ಲರೆ ಆಲ್ಕೋಹಾಲ್ ಇದೆ. ಎರಡು ಪೆಗ್ಗಿಗೆ 50 ಅಂತ ಇಟ್ಟುಕೊಳ್ಳಿ. ಅದಕ್ಕೆ ಬೆರೆಸಿದ ನೀರು, ಆಮೇಲಿನ ಊಟ, ಹೊಟ್ಟೆಯೊಳಗಿನ ರಸ ಎಲ್ಲ ಸೇರಿ ಒಂದು ಲೀಟರ್ ಆಯಿತು ಅನ್ನಿ. ಉಳಿಯುವುದು ಶೇ. 5. ಅಂದರೆ ಬಿಯರ್. ಕೈಗೆ ಹಚ್ಚುವ ಸ್ಯಾನಿಟೈಸರ್ ಕೆಲಸ ಮಾಡಬೇಕಾದರೆ ಕನಿಷ್ಠ ಶೇ. 60 ಆಲ್ಕೋಹಾಲ್ ಬೇಕು. ಬಿಯರಿನಲ್ಲಿ ಕೈ ತೊಳೆದು ಶುದ್ಧವಾಯಿತು ಅಂತ ಯಾರಾದರೂ ಅಂದರೆ ನಗುತ್ತೀರಿ. ಹೊಟ್ಟೆಯೊಳಗಿನ ವಿಷಯಕ್ಕೆ ಮಾತ್ರ ಅದೇ ಮಾತನ್ನು ನಂಬುತ್ತೀರಿ.

ಇನ್ನೊಂದು ಕಡೆಯಿಂದ ನೋಡಿ. ನಮ್ಮ ಹೊಟ್ಟೆಯಲ್ಲಿ ಮೊದಲೇ ಖಾರವಾದ ಆಮ್ಲ ಇದೆ. ಎಷ್ಟೋ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ. ನೋರೋವೈರಸ್ ಆ ಆಮ್ಲವನ್ನು ದಾಟಿ ಆರಾಮಾಗಿ ಕೆಳಗೆ ಹೋಗುತ್ತೆ. ಅದು ಬೆಳೆಯುವುದು ಸಣ್ಣ ಕರುಳಿನಲ್ಲಿ, ಜೀವಕೋಶಗಳ ಒಳಗೆ. ಆಮ್ಲಕ್ಕೇ ಜಗ್ಗದ್ದು ನೀರು ಬೆರೆಸಿದ ರಮ್ಮಿಗೆ ಹೆದರುತ್ತಾ? ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿ) ಒಂದು ಚಮಚ ಕುಡಿದು ಹೊರಡುತ್ತೇವೆ ಅನ್ನುವವರಿಗೂ ಉತ್ತರ ಇದೇ. ಕಾಚಂಪುಳಿ ಪಂದಿಕರಿಗೆ ಇರಲಿ.

ಹಾಗಾದರೆ "ನಾನು ದಿನಾ ಕುಡಿಯುತ್ತೇನೆ, ನನಗೆ ಒಂದು ಸಲವೂ ಬಂದಿಲ್ಲ" ಅನ್ನುವ ಹಿರಿಯರು? ಪ್ರತಿ ಊರಲ್ಲೂ ಅಂಥವರು ಒಬ್ಬರಿರುತ್ತಾರೆ, ಸುಳ್ಳೂ ಹೇಳುತ್ತಿರುವುದಿಲ್ಲ. ಹುಟ್ಟಿನಿಂದಲೇ ಕೆಲವರ ಕರುಳಿನಲ್ಲಿ ಈ ವೈರಸ್ ಹಿಡಿದುಕೊಳ್ಳುವ ಸಕ್ಕರೆಯ ಕೊಂಡಿ ಇರುವುದಿಲ್ಲ. ನೋರೋವೈರಸ್ಸಿನ ಹಲವು ತಳಿಗಳು ಅವರಿಗೆ ಅಂಟುವುದೇ ಇಲ್ಲ. ಅದು ಅಪ್ಪ-ಅಮ್ಮನಿಂದ ಬಂದ ಭಾಗ್ಯ. ಹೆಸರು ಬಂದದ್ದು ರಮ್ಮಿಗೆ. ಇನ್ನು "ನನಗೆ ಬಂತು, ಬ್ರಾಂದಿ ಕುಡಿದೆ, ಮರುದಿನ ಹೋಯ್ತು" ಅನ್ನುವವರಿಗೆ: ಎರಡನೇ ದಿನ ನೀವು ಹಲಸಿನ ಹಣ್ಣು ತಿಂದಿದ್ದರೂ ಮೂರನೇ ದಿನ ಹೋಗುತ್ತಿತ್ತು. ತಾನಾಗಿ ವಾಸಿಯಾಗುವ ಕಾಯಿಲೆಗೆ ಔಷಧಿಗಳು ಜಾಸ್ತಿ.

ಸೇನೆಯಲ್ಲಿ ರಮ್ ಕೊಡುತ್ತಿದ್ದರು, ನಿಜ. ಬೆಟ್ಟದ ಮೇಲಿನ ಚಳಿಯಲ್ಲಿ ಕಾವಲು ನಿಂತವರಿಗೆ ಮನಸ್ಸಿಗೆ ಒಂದಿಷ್ಟು ಹುರುಪು ಬರಲಿ ಅಂತ. ಭೇದಿಗೆ ಔಷಧಿ ಅಂತ ಅಲ್ಲ. ಭೇದಿಯಾದಾಗ ಕುಡಿದರೆ ನಷ್ಟವೇ. ಮೂತ್ರವನ್ನು ಹಿಡಿದಿಡುವ ಹಾರ್ಮೋನನ್ನು ಆಲ್ಕೋಹಾಲ್ ತಗ್ಗಿಸುತ್ತೆ. ಮೊದಲೇ ಎರಡು ದಾರಿಯಲ್ಲಿ ನೀರು ಹೋಗುತ್ತಿರುವ ಮೈಗೆ ಮೂರನೇ ದಾರಿ ತೆರೆದ ಹಾಗೆ. ಎಪ್ಪತ್ತು ದಾಟಿದವರು, ಅದರಲ್ಲೂ ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಇಂಥ ಹೊತ್ತಲ್ಲೇ ಬಾತ್‌ರೂಮಿನಲ್ಲಿ ತಲೆ ತಿರುಗಿ ಬೀಳುವುದು.

ಸ್ಯಾನಿಟೈಸರ್ ಕತೆಯೂ ಇದರ ತಮ್ಮನೇ. ಕೊರೊನಾ ಕಾಲದಲ್ಲಿ ಅದನ್ನು ಹಚ್ಚಿ ಹಚ್ಚಿ ನಮಗೆ ನಂಬಿಕೆ ಬಂದುಬಿಟ್ಟಿದೆ. ಕೊರೊನಾ, ಫ್ಲೂ ವೈರಸ್‌ಗಳಿಗೆ ಹೊರಗೊಂದು ಕೊಬ್ಬಿನ ಹೊದಿಕೆ ಇರುತ್ತೆ. ಆಲ್ಕೋಹಾಲ್ ಅದನ್ನು ಕರಗಿಸುತ್ತೆ, ವೈರಸ್ ಸತ್ತಿತು. ನೋರೋವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿದರೆ ಸಿಪ್ಪೆ ಬಿಡುತ್ತೆ. ಮೊದಲೇ ಸಿಪ್ಪೆ ತೆಗೆದು ಒಣಗಿಸಿದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಹಾಕಿದರೆ ಸುಲಿಯಲು ಏನಿದೆ? ಅದರ ಗಟ್ಟಿ ಪ್ರೋಟೀನ್ ಚಿಪ್ಪಿನ ಮೇಲೆ ಆಲ್ಕೋಹಾಲ್ ಅಷ್ಟಾಗಿ ನಡೆಯುವುದಿಲ್ಲ. ಸ್ಯಾನಿಟೈಸರ್ ತೆಗೆದುಕೊಂಡು ಹೋಗಿ, ಶೀತ-ಜ್ವರದ ವೈರಸ್ಸಿಗೆ ಅದು ಬೇಕು. ಅದನ್ನು ಹಚ್ಚಿದ ಮೇಲೆ ಸೋಪು ಬೇಡ ಅಂದುಕೊಳ್ಳಬೇಡಿ, ಅಷ್ಟೇ.

ಸೋಪು ಏನು ಮಾಡುತ್ತೆ ಅಂದರೆ, ಅದು ಈ ವೈರಸ್ಸನ್ನು ಕೊಲ್ಲುವುದಿಲ್ಲ. ಚರ್ಮದಿಂದ ಬಿಡಿಸುತ್ತೆ, ಹರಿಯುವ ನೀರು ಒಯ್ದುಬಿಡುತ್ತೆ. ಅದಕ್ಕೇ ಉಜ್ಜಬೇಕು, 20 ಸೆಕೆಂಡ್. ಹೆಬ್ಬೆರಳಿನ ಬುಡ, ಉಗುರಿನ ಅಡಿ, ಉಂಗುರದ ಕೆಳಗೆ. ಹೆಚ್ಚಿನವರು ಅಂಗೈ ಎರಡನ್ನು ಸವರಿ ಮುಗಿಸುತ್ತಾರೆ, ಅನ್ನ ಕಲಸುವುದು ಮಾತ್ರ ಬೆರಳ ತುದಿಯಲ್ಲಿ.

ಬಫೆಯಲ್ಲಿ ಒಂದು ಸೂಕ್ಷ್ಮ ಇದೆ. ಬಾಗಿಲಲ್ಲೇ ಕೈ ತೊಳೆಯಲು ಜಾಗ ಇರುತ್ತೆ, ಎಲ್ಲರೂ ತೊಳೆದು ಒಳಗೆ ಹೋಗುತ್ತಾರೆ. ಆಮೇಲೆ ಸಾಲಿನಲ್ಲಿ ನಿಂತು, ಮುನ್ನೂರು ಜನ ಹಿಡಿದ ಅದೇ ಇಕ್ಕಳ, ಅದೇ ಸೌಟು ಹಿಡಿದು ಬಡಿಸಿಕೊಂಡು ನೇರ ತಿನ್ನಲು ಕೂರುತ್ತಾರೆ. ತಟ್ಟೆ ಮೇಜಿನ ಮೇಲಿಟ್ಟು ಇನ್ನೊಂದು ಸಲ ತೊಳೆದು ಬನ್ನಿ. ಊಟ ತಣ್ಣಗಾಗುತ್ತೆ, ಆಗಲಿ. ಹಸಿ ಸಿಂಪಿ, ಅರೆಬೆಂದ ಚಿಪ್ಪುಮೀನು ಮುಟ್ಟಬೇಡಿ, 60 ಡಿಗ್ರಿ ಬಿಸಿಯನ್ನೂ ಈ ವೈರಸ್ ತಡೆದುಕೊಳ್ಳುತ್ತೆ. ಹತ್ತಿರದಲ್ಲಿ ಯಾರಾದರೂ ವಾಂತಿ ಮಾಡಿದರೆ ನೋಡುತ್ತಾ ನಿಲ್ಲದೆ ಅಲ್ಲಿಂದ ದೂರ ಹೋಗಿ ಸಿಬ್ಬಂದಿಗೆ ಹೇಳಿ. ಸಣ್ಣ ಹನಿಗಳು ಗಾಳಿಯಲ್ಲೂ ಹಾರುತ್ತವೆ. ಹಡಗಿನವರು ಅಂಥ ಜಾಗವನ್ನು ಬ್ಲೀಚ್‌ನಂಥ ಕ್ಲೋರಿನ್ ದ್ರಾವಣದಲ್ಲಿ ಒರೆಸುತ್ತಾರೆ. ಈ ವೈರಸ್ಸನ್ನು ನಿಜಕ್ಕೂ ಕೊಲ್ಲುವುದು ಅದು.

ನಿಮಗೇ ಬಂದರೆ? ಮುಚ್ಚಿಡಬೇಡಿ. "ಕ್ಯಾಬಿನ್ನಿನಲ್ಲಿ ಕೂಡಿ ಹಾಕುತ್ತಾರೆ, ದುಡ್ಡು ಕೊಟ್ಟು ಬಂದದ್ದು ದಂಡ" ಅಂತ ಬಾಯಿ ಮುಚ್ಚಿಕೊಂಡು ಊಟದ ಹಾಲಿಗೆ ಹೋಗುವವರಿಂದಲೇ ಇದು ಹರಡುವುದು. ವಾಂತಿ-ಭೇದಿ ನಿಂತ ಮೇಲೂ ಕನಿಷ್ಠ ಒಂದು ದಿನ ಒಳಗೇ ಇರಬೇಕು. ಗುಣವಾದ ಎರಡು ವಾರ ಆದ ಮೇಲೂ ಮಲದಲ್ಲಿ ವೈರಸ್ ಹೋಗುತ್ತಿರಬಹುದು, ಆದ್ದರಿಂದ ಊರಿಗೆ ಬಂದ ಮೇಲೂ ಸೋಪು ಬಿಡುವ ಹಾಗಿಲ್ಲ. ಹಡಗಿನ ಡಾಕ್ಟರಿಗೆ ಬೇರೆಯೇ ಬಿಲ್ಲು, ಅದೂ ಸಣ್ಣದಲ್ಲ. ಹೊರಡುವ ಮುಂಚೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ.

ಭೇದಿಗೆ ಅಂತ ಜನ ನನ್ನಲ್ಲಿ ಕೇಳುವುದು ಆಂಟಿಬಯೋಟಿಕ್ ಸ್ಟ್ರಿಪ್. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ನಾನು ಕೊಡುವುದು ಓಆರ್‌ಎಸ್, ನೀರಿಗೆ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ, ಅದನ್ನು ಕಂಡರೆ ಯಾರಿಗೂ ಗೌರವ ಇಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಾಗ, ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿ ಕುಡಿಸಿದರು. ಶೇ. 30ರ ಆಸುಪಾಸು ಇದ್ದ ಸಾವು ಶೇ. 4ಕ್ಕಿಂತ ಕೆಳಗೆ ಬಂತು. ಮಾವನವರಿಗೆ ಮಿಲಿಟರಿ ಕತೆಯೇ ಬೇಕಾದರೆ, ಆ ಯುದ್ಧದ ವರ್ಷದ ಈ ಕತೆ ಹೇಳಿ.

ಕಲಸುವುದರಲ್ಲಿ ಎಡವಬೇಡಿ. ದೊಡ್ಡ ಪ್ಯಾಕೆಟ್, ಸುಮಾರು 21 ಗ್ರಾಂ, ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಪೂರ್ತಿ ಸುರಿದರೆ ಉಪ್ಪು-ಸಕ್ಕರೆ ಮಿತಿಮೀರಿ ಭೇದಿ ಹೆಚ್ಚುತ್ತೆ. ಲೋಟಕ್ಕೆ ಬೇಕಾದರೆ 200 ಎಂಎಲ್‌ನ ಸಣ್ಣ ಪ್ಯಾಕೆಟ್ ಬೇರೆ ಇದೆ. ಹಡಗಿನಲ್ಲಿ ಅಳತೆಗೆ ಅರ್ಧ ಲೀಟರ್ ನೀರಿನ ಬಾಟಲಿ ಎರಡು ಸಾಕು. ಎರಡೂ ಮನೆಗೆ ಸೇರಿ ಹತ್ತು ಪ್ಯಾಕೆಟ್ ಇಟ್ಟುಕೊಳ್ಳಿ. ದಿನದ ಮಾತ್ರೆಗಳು ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದು ಗಂಟೆಗಟ್ಟಲೆ ತಡವಾಗಿ. ಮಾವನವರಿಗೆ ಹೊರಡುವ ಎರಡು ವಾರ ಮೊದಲು ಫ್ಲೂ ಲಸಿಕೆ ಹಾಕಿಸಿ. ಹಡಗಿನಲ್ಲಿ ಹೊಟ್ಟೆಗಿಂತ ಎದೆಯ ಕಾಯಿಲೆ ವಯಸ್ಸಾದವರಿಗೆ ಹೆಚ್ಚು ಅಪಾಯ.

ಶಾಲೆಯ ವಿಷಯ ನೆನಪಿದೆಯಾ? ಅಮೆರಿಕದಲ್ಲಿ ವರದಿಯಾಗುವ ನೋರೋವೈರಸ್ ಪ್ರಕರಣಗಳ ಗುಂಪುಗಳಲ್ಲಿ ಹಡಗಿನವು ಶೇ. 1ರಷ್ಟು ಮಾತ್ರ. ಅಲ್ಲಿನ ಬಂದರಿಗೆ ಬರುವ ಹಡಗುಗಳು ಕಾಯಿಲೆ ಬಿದ್ದವರನ್ನು ಲೆಕ್ಕ ಹಾಕಿ ಸರಕಾರಕ್ಕೆ ಕೊಡಲೇಬೇಕು, ಶೇ. 3 ಮುಟ್ಟಿದರೆ ಹೆಸರು ಎಲ್ಲರಿಗೂ ಗೊತ್ತಾಗುತ್ತೆ. ಹಾಗಾಗಿ ಹಡಗಿಗೆ ಕೆಟ್ಟ ಹೆಸರು. ನಮ್ಮ ಮದುವೆ ಹಾಲ್‌ಗಳಲ್ಲಿ ಲೆಕ್ಕ ಇಡುವವರು ಯಾರು? ಬಾರ್ ಕೌಂಟರಿನಲ್ಲಿ ಯಾವುದಕ್ಕೂ ಕೊರತೆ ಇರುವುದಿಲ್ಲ. ಕೈ ತೊಳೆಯುವ ತೊಟ್ಟಿಯ ಹತ್ತಿರ ಮಾತ್ರ ನೀರು ಬೆರೆಸಿ ಬೆರೆಸಿ ಬಣ್ಣ ಹೋದ ಲಿಕ್ವಿಡ್ ಸೋಪಿನ ಬಾಟಲಿ, ಅದೂ ಒಂದೇ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ಸಂಪಾಜೆ ಘಾಟಿಯಲ್ಲೇ ನಮಗೆ ವಾಂತಿ ಬರಲ್ಲ, ಹಡಗೇನು ಮಹಾ" ಅನ್ನುವವರೂ ಇದ್ದಾರೆ. ಘಾಟಿ ಬೇರೆ, ಸಮುದ್ರ ಬೇರೆ. ಜೀಪು ಓಡಿಸುವವರಿಗೆ ವಾಂತಿ ಬರದಿರುವುದು ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತಿರುವುದರಿಂದ. ಹಡಗಿನಲ್ಲಿ ನಾವೆಲ್ಲ ಹಿಂದಿನ ಸೀಟಿನವರು. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ಗೇ ಜೀವನವಿಡೀ ಸಮುದ್ರದಲ್ಲಿ ವಾಂತಿ ಬರುತ್ತಿತ್ತು. ಇನ್ನೂ ಬುಕ್ ಮಾಡಿಲ್ಲ ಅಂದರೆ ಕೆಳಗಿನ ಮಹಡಿಯಲ್ಲಿ, ಹಡಗಿನ ನಡುಭಾಗದಲ್ಲಿ ಕ್ಯಾಬಿನ್ ಕೇಳಿ, ಅಲ್ಲಿ ಓಲಾಟ ಕಡಿಮೆ. ತಲೆ ಸುತ್ತಿದರೆ ಮೊಬೈಲ್ ಒಳಗಿಟ್ಟು ಹೊರಗೆ ಬಂದು ದಿಗಂತ ನೋಡಿ.

ಘಾಟಿಗೆ ಎಲ್ಲರೂ ಒಯ್ಯುವ, ವಾಂತಿ ತಡೆಯುವ ಅವೊಮಿನ್ ಮಾತ್ರೆ ಹಡಗಿಗೂ ಆಗುತ್ತೆ, ಆದರೆ ಓಲಾಟ ಶುರುವಾಗುವ ಮುಂಚೆ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆ ಹೊರಗೇ ಬರುತ್ತೆ. ಅದರ ಮೇಲೆ ಪೆಗ್ ಹಾಕುವ ಹಾಗಿಲ್ಲ, ಎರಡೂ ಸೇರಿದರೆ ಮಂಪರು ವಿಪರೀತ. ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟಿಬಿಡಬಹುದು. ಮಾವನವರ ವಯಸ್ಸಿಗೆ ಕೇಳಿಯೇ ಕೊಡಿ.

ವಾಂತಿ ಅಲೆಯಿಂದಲೋ ವೈರಸ್ಸಿನಿಂದಲೋ ಅನ್ನುವ ಗೊಂದಲ ಮೊದಲ ದಿನ ಎಲ್ಲರಿಗೂ ಆಗುತ್ತೆ. ಅಲೆಯದ್ದಾದರೆ ಹಡಗು ಬಂದರಿನಲ್ಲಿ ನಿಂತಾಗ ಇಳಿಯುತ್ತೆ, ಭೇದಿ ಇರುವುದಿಲ್ಲ, ಜ್ವರ ಇರುವುದಿಲ್ಲ. ಭೇದಿಯೂ ಸೇರಿಕೊಂಡರೆ ಅವೊಮಿನ್ ನುಂಗಿ ಬಫೆಗೆ ಹೋಗಬೇಡಿ. ಕ್ಯಾಬಿನ್ನಿನಿಂದಲೇ ಹಡಗಿನ ಡಾಕ್ಟರಿಗೆ ಫೋನ್ ಮಾಡಿ.