ಹಸ್ಕಿಗೆ ಎಸಿ ಹಾಕಿಸಿದಿರಿ, ತಟ್ಟೆಗೆ ಏನು ಹಾಕುತ್ತೀರಿ?

ದಾವಣಗೆರೆಯಲ್ಲಿ ಸೈಬೀರಿಯನ್ ಹಸ್ಕಿ ನಾಯಿ ಸಾಕಿದವರು ಮೊದಲು ಕೇಳುವುದು ಬಿಸಿಲಿನ ವಿಷಯ. ಕೇಳಬೇಕಾದದ್ದೇ. ಈಶಾನ್ಯ ಸೈಬೀರಿಯಾದ ಚುಕ್ಚಿ ಜನ ಹಿಮದಲ್ಲಿ ಜಾರುಬಂಡಿ ಎಳೆಯಲು ಬೆಳೆಸಿದ ತಳಿ ಅದು. ವಾಕಿಂಗ್ ಏನಿದ್ದರೂ ಸೂರ್ಯ ಹುಟ್ಟುವ ಹೊತ್ತಿಗೆ, ಇಲ್ಲವೇ ರಾತ್ರಿ ಡಾಂಬರು ತಣ್ಣಗಾದ ಮೇಲೆ. ಬೇಸಿಗೆ ಬಂತೆಂದು ಮೈ ಬೋಳಿಸಬೇಡಿ. ಎರಡು ಪದರದ ಆ ಕೂದಲು ಬಿಸಿಲನ್ನೂ ತಡೆಯುತ್ತದೆ. ಏದುಸಿರು ನಿಲ್ಲದೆ, ಒಸಡು ಕೆಂಪೇರಿ, ನಡಿಗೆ ತೂರಾಡಿದರೆ ಮೈಮೇಲೆ ನಲ್ಲಿ ನೀರು ಸುರಿದು ತಕ್ಷಣ ಆಸ್ಪತ್ರೆಗೆ ಹೊರಡಿ.

ಇಷ್ಟು ಈಗ ಬಹುತೇಕರಿಗೆ ಗೊತ್ತು. ಯಾರೂ ಕೇಳದಿರುವುದು ಊಟದ ಬಗ್ಗೆ.

ಕಣ್ಣಿನ ಸುತ್ತ, ತುಟಿಯಂಚಿನಲ್ಲಿ ಕೂದಲು ಉದುರಿ, ಬೂದುಬಣ್ಣದ ಗಟ್ಟಿ ಹಕ್ಕಳೆ ಕಟ್ಟಿದ ಹಸ್ಕಿ ನನ್ನ ಕ್ಲಿನಿಕ್ಕಿಗೆ ಬಂತೆಂದರೆ ಜೊತೆಗೆ ಮೆಡಿಕಲ್ ಶಾಪಿನ ಅರ್ಧ ಹಿಂಡಿದ ಮುಲಾಮಿನ ಟ್ಯೂಬೂ ಬರುತ್ತದೆ. ಹುಳುಕಡ್ಡಿ ಎಂದೋ ಕಜ್ಜಿ ಎಂದೋ ಹಚ್ಚಿರುತ್ತಾರೆ. ಚರ್ಮ ಕೆರೆದು ಪರೀಕ್ಷಿಸಿದರೆ ಹುಳವೂ ಇಲ್ಲ, ಶಿಲೀಂಧ್ರವೂ ಇಲ್ಲ. ಏನು ತಿನ್ನುತ್ತದೆ ಎಂದರೆ, 'ಮುದ್ದೆ, ಮೊಸರನ್ನ ಡಾಕ್ಟ್ರೇ. ಮೂಳೆ ಗಟ್ಟಿಯಾಗ್ಲಿ ಅಂತ ಕ್ಯಾಲ್ಸಿಯಂ ಟಾನಿಕ್ಕು.'

ಹಸ್ಕಿ, ಮಲಮ್ಯೂಟ್ ತಳಿಯ ಕೆಲವು ನಾಯಿಗಳ ಕರುಳು ಆಹಾರದ ಸತುವನ್ನು, ಅಂದರೆ ಜಿಂಕನ್ನು, ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸತು ಸಾಲದೆ ಹೋದರೆ ಚರ್ಮ ಹೀಗೆ ಹಕ್ಕಳೆ ಕಟ್ಟುತ್ತದೆ. ಅದು ಹುಟ್ಟಿನಿಂದಲೇ ಬಂದದ್ದು, ಒಳ್ಳೆಯ ಆಹಾರ ಕೊಟ್ಟರೂ ಕಾಣಿಸಿಕೊಳ್ಳಬಹುದು. ಇರುವ ಅಲ್ಪಸ್ವಲ್ಪ ಸತುವನ್ನೂ ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಕಟ್ಟಿಹಾಕುತ್ತದೆ, ಹೆಚ್ಚುವರಿ ಕ್ಯಾಲ್ಸಿಯಂ ಅಡ್ಡ ನಿಲ್ಲುತ್ತದೆ. ರಾಗಿಯಲ್ಲಿ ಎರಡೂ ಧಾರಾಳ. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಮ್ಮೇ 300 ಮಿಲಿಗ್ರಾಂ ದಾಟುತ್ತದೆ. ನಮಗೇನೋ ಒಳ್ಳೆಯದೇ. ಹಸ್ಕಿಯ ಪೂರ್ವಜರು ಬದುಕಿದ್ದು ಮೀನು, ಸೀಲ್ ಮಾಂಸದ ಮೇಲೆ.

ಖಚಿತಪಡಿಸಿಕೊಳ್ಳಲು ಚರ್ಮದ ಬಯಾಪ್ಸಿ, ಅಂದರೆ ಚೂರು ಚರ್ಮ ತೆಗೆದು ಮಾಡುವ ಪರೀಕ್ಷೆ, ಬೇಕು. ಆಮೇಲೆ ಟಾನಿಕ್ ಬಂದ್, ಸತುವಿನ ಮಾತ್ರೆ ಶುರು. ಊಟದ ಜೊತೆಗೇ ಕೊಡಬೇಕು, ಖಾಲಿ ಹೊಟ್ಟೆಗಾದರೆ ವಾಂತಿ. ಮನುಷ್ಯರ ಜಿಂಕ್ ಮಾತ್ರೆ ತಂದು ಅಂದಾಜಿಗೆ ಕೊಡುವವರಿದ್ದಾರೆ. ಸತು ಅತಿಯಾದರೆ ಕೆಂಪು ರಕ್ತಕಣಗಳೇ ಒಡೆಯುತ್ತವೆ, ತೂಕ ನೋಡಿ ವೈದ್ಯರೇ ಡೋಸ್ ಹೇಳಲಿ. ಗುಣ ಕಾಣಲು ವಾರಗಳೇ ಹಿಡಿಯುತ್ತವೆ. ಹಕ್ಕಳೆ ಉದುರಿತೆಂದು ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಹಲವು ನಾಯಿಗಳಿಗೆ ಅದು ಜೀವನಪೂರ್ತಿ ಬೇಕು.

ಮೊಟ್ಟೆಯೂ ಒಳಗೆ ಬಾರದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಸಂಪೂರ್ಣ ಪೋಷಣೆಯದೆಂದು ಬರೆದಿರುವ ಪ್ಯಾಕೆಟ್ ಆಹಾರ ಕೊಡಲಿ. ಹಸ್ಕಿ ಮೈಗಾತ್ರಕ್ಕೆ ಹೋಲಿಸಿದರೆ ತಿನ್ನುವುದೇ ಕಡಿಮೆ. ಹೊಟ್ಟೆ ತುಂಬಲಿಲ್ಲವೇನೋ ಎಂದು ಅದರ ಮೇಲೆ ಮತ್ತೆ ಮುದ್ದೆ ಕಿವುಚಿ ಹಾಕುವುದು ಬೇಡ.