ಅರ್ಧ ಫ್ಲಕ್ಸ್: ಸಿಕ್ಕಿಬಿದ್ದಿದ್ದೋ, ತಾನಾಗಿ ಹುಟ್ಟಿದ್ದೋ?

ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಫ್ಲಕ್ಸ್ ಟ್ರ್ಯಾಪಿಂಗ್ ಆಗಲೇ ಅರ್ಧ ಗೊತ್ತು. ಫ್ಲಕ್ಸ್ ಅಂದರೆ ಒಂದು ಜಾಗದ ಮೂಲಕ ಹಾಯುವ ಒಟ್ಟು ಕಾಂತಕ್ಷೇತ್ರ; ಟ್ರ್ಯಾಪಿಂಗ್ ಅಂದರೆ ಅದು ಸಿಕ್ಕಿಬೀಳುವುದು. ಬಿಸಿ ಪಾಕಕ್ಕೆ ಬಿದ್ದ ಕಬ್ಬಿನ ಸಿಪ್ಪೆ, ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾದ ಮೇಲೆ ಅಲ್ಲೇ ಉಳಿಯುತ್ತದೆ. ತೆಗೆಯಬೇಕಾದರೆ ಮತ್ತೆ ಕರಗಿಸಬೇಕು. ಸೂಪರ್‌ಕಂಡಕ್ಟರ್ ಉಂಗುರವೂ ಹಾಗೇ. (ತುಂಬಾ ತಣಿಸಿದಾಗ ತಡೆಯಿಲ್ಲದೆ ಕರೆಂಟ್ ಹರಿಸುವ ವಸ್ತುವೇ ಸೂಪರ್‌ಕಂಡಕ್ಟರ್.) ಕಾಂತಕ್ಷೇತ್ರದಲ್ಲಿಟ್ಟು ತಣಿಸಿ, ಆಮೇಲೆ ಕ್ಷೇತ್ರ ತೆಗೆದರೂ ಉಂಗುರದ ತೂತಿನಲ್ಲಿ ಫ್ಲಕ್ಸ್ ಉಳಿಯುತ್ತದೆ. ನಿಲ್ಲದೆ ಸುತ್ತುವ ಕರೆಂಟ್ ಅದನ್ನು ಹಿಡಿದಿಟ್ಟಿರುತ್ತದೆ.

ಆದರೆ ಉಳಿಯುವುದು ಇಡಿ ಇಡಿ ತುಂಡುಗಳಲ್ಲಿ ಮಾತ್ರ. ಒಂದು ತುಂಡು ಅಂದರೆ 2.07 × 10⁻¹⁵ ವೇಬರ್. 1961ರಲ್ಲೇ ಇದನ್ನು ಅಳೆದರು. ಇದು ಎಷ್ಟು ಚಿಕ್ಕದು? ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅದಕ್ಕೆ ಎದುರಾಗಿ ಹಿಡಿದ 7 ಮೈಕ್ರಾನ್ ಬದಿಯ ಚೌಕದಲ್ಲಿ ಒಂದು ತುಂಡು ಹಿಡಿಸುತ್ತದೆ. ಹಾಗಾಗಿ ಪ್ರಯೋಗದಲ್ಲಿ ಭೂಮಿಯ ಕ್ಷೇತ್ರವನ್ನೂ ತಡೆಯಬೇಕು.

ನಾನು ಜಾಸ್ತಿ ದಿನ ಒದ್ದಾಡಿದ್ದು ಮುಂದಿನ ಭಾಗದಲ್ಲಿ. ವೈಬಿಸಿಒ ಥರದ ತಾಮ್ರದ ಆಕ್ಸೈಡ್‌ಗಳಲ್ಲಿ ಎಲೆಕ್ಟ್ರಾನ್ ಜೋಡಿಯ ಅಲೆ ಡಿ-ವೇವ್ ಆಕಾರದ್ದು. (ಇವೂ ಸೂಪರ್‌ಕಂಡಕ್ಟರ್‌ಗಳೇ; ಇವುಗಳಲ್ಲಿ ಕರೆಂಟ್ ಹೊರುವುದು ಎಲೆಕ್ಟ್ರಾನ್ ಜೋಡಿಗಳು.) ಒಂದು ದಿಕ್ಕಿನಲ್ಲಿ ಪ್ಲಸ್, 90 ಡಿಗ್ರಿ ತಿರುಗಿದರೆ ಮೈನಸ್. ಬೇರೆ ಬೇರೆ ದಿಕ್ಕಿಗೆ ತಿರುಗಿದ ಹರಳುಗಳನ್ನು ಸೇರಿಸಿ ಉಂಗುರ ಮಾಡಿದರೆ, ಒಂದು ಸುತ್ತು ಬರುವಷ್ಟರಲ್ಲಿ ಚಿಹ್ನೆ ಬದಲಾಗಿಬಿಡಬಹುದು. ಗಿರಣಿ ಬೆಲ್ಟನ್ನು ಒಂದು ಸಲ ತಿರುಚಿ ಹೊಲಿದ ಹಾಗೆ: ಒಳಮೈ ಹೊರಮೈಗೆ ಬಂದು ಸೇರುತ್ತದೆ. ಎರಡು ಸಲ ತಿರುಚಿದರೆ ಸರಿಹೋಗುತ್ತದೆ, ಬೆಸ ಸಂಖ್ಯೆ ಆದರೆ ಇಲ್ಲ. ಆ ಕೊರತೆ ತುಂಬಲು ಉಂಗುರ ತಾನೇ ಕರೆಂಟ್ ಹರಿಸಿ ಸರಿಯಾಗಿ ಅರ್ಧ ತುಂಡು ಫ್ಲಕ್ಸ್ ಹುಟ್ಟಿಸುತ್ತದೆ. ಹೊರಗೆ ಕ್ಷೇತ್ರವೇ ಬೇಡ! ಇದನ್ನೂ ಸುಮ್ನೆ 'ಟ್ರ್ಯಾಪಿಂಗ್' ಅಂತ ಕರೆದರೆ ಗೊಂದಲವೇ, ಅಲ್ವಾ? ಯಾರೂ ಹೊರಗಿಂದ ಸಿಪ್ಪೆ ಹಾಕಿಲ್ಲ.

1994ರಲ್ಲಿ ಐಬಿಎಂನ ತ್ಸುಯೆ, ಕರ್ಟ್ಲಿ ಮತ್ತು ಜೊತೆಗಾರರು ಮೂರು ಹರಳು ಕೂಡುವ ಜಾಗದಲ್ಲಿ ಇಂಥ ಉಂಗುರ ಮಾಡಿ, ಸ್ಕ್ವಿಡ್ ಸೂಕ್ಷ್ಮದರ್ಶಕದಲ್ಲಿ (ತೀರಾ ಸಣ್ಣ ಕಾಂತಕ್ಷೇತ್ರವನ್ನೂ ಅಳೆಯುವ ಸಾಧನ) ಅರ್ಧ ತುಂಡು ಕಂಡರು. ಅದೇ ಚಿಪ್‌ನ ಬೆಸ ತಿರುಚು ಇಲ್ಲದ ಬೇರೆ ಉಂಗುರಗಳಲ್ಲಿ ಅದು ಇರಲಿಲ್ಲ.

ಈ ಅರ್ಧ ತುಂಡಿನ ದಿಕ್ಕು ಮೇಲಕ್ಕೂ ಇರಬಹುದು, ಕೆಳಕ್ಕೂ ಇರಬಹುದು. ಎರಡಕ್ಕೂ ಶಕ್ತಿ ಒಂದೇ. ಒಂದೇ ಹಾಳೆಯಲ್ಲಿ ಉಂಗುರಗಳ ಜಾಲ ಮಾಡಿದಾಗ ಪಕ್ಕದವರು ಒಬ್ಬರಿಗೊಬ್ಬರು ಉಲ್ಟಾ ಇರಲು ಬಯಸುತ್ತಾರೆ. ಚೌಕ ಜಾಲದಲ್ಲಿ ಚದುರಂಗದ ಮನೆಗಳಂತೆ ಇದು ಸಲೀಸು. ತ್ರಿಕೋನದಲ್ಲಿ ಜಗಳ. ಇಬ್ಬರು ಉಲ್ಟಾ ಆದರೆ ಮೂರನೆಯದು ಯಾರಾದರೊಬ್ಬರ ಜೊತೆ ಒಂದೇ ದಿಕ್ಕಿಗೆ ಇರಲೇಬೇಕು. ಒಟ್ಟು 8 ಬಗೆಯಲ್ಲಿ 6ಕ್ಕೆ ಒಂದೇ ಕನಿಷ್ಠ ಶಕ್ತಿ. ಹಾಳೆಯ ಮೇಲೆ ಬಾಣ ಬರೆದು ಎಣಿಸಿ ನೋಡಿ.